ಎಳೆಯೋ ಜೀಪಿಗೆ ಯಾವ ಎಂಜಿನ್? ಮೊದಲು ಬ್ರೇಕ್ ನೋಡಿ, ಆಮೇಲೆ ಎಂಜಿನ್

ಹೋದ ವರ್ಷ ಕೊನೆ ಕೊಯ್ಲಿನ ಹೊತ್ತಲ್ಲಿ ನಮ್ಮ ಜೀಪು ತೋಟದ ಏರಿನಲ್ಲಿ ನಿಂತುಹೋಯ್ತು. ಹಿಂದೆ ಟ್ರೇಲರ್, ಅದರ ತುಂಬ ಹಸಿ ಅಡಿಕೆ. ಮೊದಲು ಎಳೆತ ಕಮ್ಮಿ ಆಯ್ತು. ಆಮೇಲೆ ಬಾನೆಟ್ ಸಂದಿಯಿಂದ ಹಬೆ ಬಂತು. ಆಮೇಲೆ ಕಿರ್ರ್ ಅಂತ ಒಂದು ಶಬ್ದ. ಅಷ್ಟೆ. ಚಕ್ರಕ್ಕೆ ಕಲ್ಲು ಕೊಟ್ಟು, ಅಡಿಕೆಯನ್ನು ತಲೆಹೊರೆಯಲ್ಲಿ ಅಂಗಳಕ್ಕೆ ತರೋ ಹೊತ್ತಿಗೆ ಕತ್ತಲಾಗಿತ್ತು.

ನಮ್ಮದು 1994ರ ಎಂಎಂ 540. ಅಪ್ಪಯ್ಯ ತಗೊಂಡಿದ್ದು. ಕೊಪ್ಪದ ಕಡೆ ನಮ್ಮಂಥ ಮನೆಗಳಲ್ಲಿ ಜೀಪು ಅಂದರೆ ಸವಾರಿ ಗಾಡಿ ಅಲ್ಲ. ತೋಟ ಕೆಳಗೆ, ಮನೆ ಮೇಲೆ. ಗೊಬ್ಬರ ಇಳಿಸೋದು, ಅಡಿಕೆ ಹತ್ತಿಸೋದು, ಸೌದೆ, ಸೊಪ್ಪು, ಮರಳು, ಮಳೆಗಾಲದಲ್ಲಿ ಕೆಸರಿಗೆ ಬಿದ್ದ ಪಕ್ಕದ ಮನೆಯವರ ಗಾಡಿ ಎಳೆಯೋದು, ಎಲ್ಲ ಅದೇ. ಅದು ನಿಂತರೆ ಮನೆ ಕೆಲಸ ಅರ್ಧ ನಿಂತ ಹಾಗೆ.

ಮಾರನೇ ದಿನವೇ ಸಲಹೆ ಶುರುವಾಯ್ತು. ವಾಟ್ಸಾಪಿನಲ್ಲಿ ಒಬ್ಬ "ಟರ್ಬೊ ಹಾಕ್ಸು" ಅಂದ. ಇನ್ನೊಬ್ಬ "ಸಿಆರ್‌ಡಿಇ ಕೂರಿಸಿಬಿಡು ಮಾರಾಯ, ಘಾಟಿನೂ ಥರ್ಡ್ ಗೇರಲ್ಲೇ ಹತ್ತತ್ತೆ" ಅಂದ. ಯೂಟ್ಯೂಬ್ ತೆಗೆದರೆ ಹಳೆ ಜೀಪಿಗೆ ಹೊಸ ಎಂಜಿನ್ ಹಾಕಿ ಗುಡ್ಡ ಹತ್ತಿಸೋ ವಿಡಿಯೊ ಒಂದರ ಹಿಂದೆ ಒಂದು. ಎಲ್ಲದರಲ್ಲೂ ಹತ್ತೋದನ್ನೇ ತೋರಿಸ್ತಾರೆ. ಹಿಂದೆ ಒಂದು ಟನ್ ಕಟ್ಟಿಕೊಂಡು ಇಳಿಯೋದನ್ನು ತೋರಿಸಿದ ವಿಡಿಯೊ ನನಗೆ ಒಂದೂ ಸಿಗಲಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಎಳೆಯೋ ಕೆಲಸದ ಹಳೆ ಗಾಡಿಗೆ ಮೊದಲ ಆಯ್ಕೆ ಅದರದ್ದೇ ಎಂಜಿನ್ನನ್ನು ಸರಿಯಾಗಿ ಬಿಚ್ಚಿ ಕಟ್ಟಿಸೋದು. ಎರಡನೇದು ಅದೇ ಜಾತಿಯ, ಅಷ್ಟೇ ತಾಕತ್ತಿನ, ಕಾಗದ ಸರಿ ಇರೋ ಎಂಜಿನ್. ದೊಡ್ಡ ಎಂಜಿನ್ ಕೊನೆಯದು, ಅದೂ ಬ್ರೇಕು, ಗೇರ್‌ಬಾಕ್ಸು, ಆರ್‌ಸಿ ಮೂರನ್ನೂ ಸರಿ ಮಾಡಿಸೋ ದುಡ್ಡು ಕೈಯಲ್ಲಿದ್ದರೆ ಮಾತ್ರ. ಇದು ಹೆದರಿಕೆಯ ಮಾತಲ್ಲ. ಕಾರಣ ಇದೆ.

ಭಾವನ ಜೀಪಿನ ಕಥೆ

ನಮ್ಮ ಭಾವನ ಹತ್ತಿರವೂ ಇದೇ ಮಾಡೆಲ್ ಜೀಪಿತ್ತು. ಎಂಜಿನ್ ಹೋದಾಗ ಅಪಘಾತವಾದ ಗಾಡಿಯೊಂದರ ಕಾಮನ್ ರೈಲ್ ಟರ್ಬೊ ಎಂಜಿನ್ ತಂದು ಹಾಕಿಸಿದ. ಎರಡೂವರೆ ಲಕ್ಷ ಖರ್ಚು. ಸುಳ್ಳು ಯಾಕೆ, ಗಾಡಿ ಚೆನ್ನಾಗಿತ್ತು. ನಾನೂ ಓಡಿಸಿದ್ದೆ. ಲೋಡು ಇದೆ ಅಂತಲೇ ಗೊತ್ತಾಗ್ತಿರಲಿಲ್ಲ.

ಆ "ಗೊತ್ತಾಗ್ತಿರಲಿಲ್ಲ" ಅನ್ನೋದೇ ತೊಂದರೆ. ಮೊದಲು ಏಳು ಕ್ವಿಂಟಾಲ್ ಹೇರ್ತಿದ್ದವನು ಹತ್ತು ಹೇರೋಕೆ ಶುರು ಮಾಡಿದ. ಎಂಜಿನ್ ಎಳೀತಿತ್ತಲ್ಲ! ಬ್ರೇಕ್ ಮಾತ್ರ 1990ರ ದಶಕದ್ದೇ, ನಾಲ್ಕೂ ಡ್ರಮ್ಮು. ಟ್ರೇಲರಿಗೆ ಬ್ರೇಕೇ ಇಲ್ಲ. ಒಂದು ಸಂಜೆ ಗೊಬ್ಬರ ಹೇರಿಕೊಂಡು ಇಳೀತಾ ತಿರುವಿನಲ್ಲಿ ಬ್ರೇಕ್ ಒತ್ತಿದ. ಮುಂದಿನ ಜೀಪು ನಿಧಾನ ಆಯ್ತು, ಹಿಂದಿನ ಟ್ರೇಲರ್ ನಿಧಾನ ಆಗಲಿಲ್ಲ. ಅದು ಜೀಪಿನ ಹಿಂಭಾಗವನ್ನು ಪಕ್ಕಕ್ಕೆ ದೂಡಿತು. ಎರಡೂ ಧರೆ ಕೆಳಗೆ.

ಭಾವನಿಗೆ ತರಚು ಗಾಯ. ಟ್ರೇಲರಿನ ಮೇಲೆ ಕೂತಿದ್ದ ನಮ್ಮ ಊರಿನ ಕೊನೆಗಾರನ ಸೊಂಟ ಮುರೀತು. ಮೂವತ್ತು ವರ್ಷ ಮರ ಹತ್ತಿದ ಮನುಷ್ಯ ಈಗ ಗೋಟು ಹೆಕ್ಕೋಕೂ ಬಗ್ಗಕ್ಕಾಗಲ್ಲ. ವಿಮೆ ಕಂಪನಿಯವರು ಬಂದು ಎಂಜಿನ್ ನಂಬರ್ ನೋಡಿದರು. ಆರ್‌ಸಿಯಲ್ಲಿ ಇರೋದು ಒಂದು, ಗಾಡಿಯಲ್ಲಿ ಇರೋದು ಇನ್ನೊಂದು. ಕ್ಲೇಮ್ ಆಗಲ್ಲ ಅಂತ ಪತ್ರ ಬಂತು. ಆಸ್ಪತ್ರೆ ಖರ್ಚನ್ನು ಭಾವ ತೋಟದ ಮೇಲೆ ಸಾಲ ಮಾಡಿ ಕೊಟ್ಟ. ಆ ಮನೆಗೆ ತಿಂಗಳು ತಿಂಗಳು ಈಗಲೂ ಕೊಡ್ತಿದ್ದಾನೆ.

ಟ್ರೇಲರ್ ಮೇಲೆ ಜನ ಕೂರಿಸಿದ್ದೇ ಮೊದಲ ತಪ್ಪು. ಅದನ್ನು ಭಾವನೂ ಒಪ್ತಾನೆ, ನಾನೂ ಒಪ್ತೀನಿ. ನಮ್ಮ ಮನೆಯಲ್ಲೂ ಎಷ್ಟೋ ಸಲ ಕೂರಿಸಿದ್ದೀವಿ. ಆದರೆ ಎಂಜಿನ್ ಬದಲಿಸೋವಾಗ ಯಾರೂ ಅವನಿಗೆ ಬ್ರೇಕಿನ ವಿಷಯ ಎತ್ತಲಿಲ್ಲ. ಹಾಕಿದವರೂ ಎತ್ತಲಿಲ್ಲ, ಅವನೂ ಕೇಳಲಿಲ್ಲ.

ಹತ್ತೋಕೆ ನಿಜವಾಗಿ ಎಷ್ಟು ತಾಕತ್ತು ಬೇಕು?

ಒಂದು ಲೆಕ್ಕ ಹಾಕೋಣ. ಮೊಬೈಲಿನ ಕ್ಯಾಲ್ಕ್ಯುಲೇಟರ್ ಸಾಕು.

ಜೀಪು ಮತ್ತು ಅದರಲ್ಲಿರೋ ಇಬ್ಬರು ಸೇರಿ ಸುಮಾರು 1500 ಕೆಜಿ, ಲೋಡಿನ ಟ್ರೇಲರ್ 1000 ಕೆಜಿ ಅಂತ ಇಟ್ಕೊಳ್ಳಿ. ಒಟ್ಟು 2500. ಹತ್ತು ಅಡಿ ಹೋದರೆ ಒಂದು ಅಡಿ ಏರೋ ದಾರಿ. ತೂಕದ ಹತ್ತನೇ ಒಂದು ಭಾಗ, ಅಂದರೆ 250 ಕೆಜಿ ಭಾರದಷ್ಟು ಎಳೆತ ಬೇಕು. ಮಣ್ಣು ದಾರಿಯ ತಡೆಗೆ ಇನ್ನೊಂದು 75 ಸೇರಿಸಿ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಇದನ್ನು ಎಳೆಯೋಕೆ ಚಕ್ರದಲ್ಲಿ ಬೇಕಾದ್ದು ಸುಮಾರು 12 ಅಶ್ವಶಕ್ತಿ. ಗೇರು, ಆಕ್ಸಲ್‌ಗಳಲ್ಲಿ ಪೋಲಾಗೋದು ಸೇರಿಸಿದರೂ ಎಂಜಿನ್ನಿಂದ 15 ಸಾಕು. ದಾರಿ ಅದರ ಎರಡು ಪಟ್ಟು ಕಡಿದು ಇದ್ದರೂ, ಇನ್ನೂ ನಿಧಾನ ಹತ್ತಿದರೆ, 20ರ ಹತ್ತಿರ.

ನನ್ನ ಜೀಪಿನ ಹಳೆ ಪ್ಯೂಜೋ ಎಂಜಿನ್ನು 62 ಅಶ್ವಶಕ್ತಿಯದ್ದು. ಮೂರು ಪಟ್ಟು ಇದೆ. ಹಾಗಾದರೆ ಹತ್ತುವಾಗ ಒದ್ದಾಡ್ತಿದ್ದದ್ದು ಯಾಕೆ? ಎಂಜಿನ್ ಸಣ್ಣದು ಅಂತಲ್ಲ. ಎಂಜಿನ್ ಸವೆದಿತ್ತು, ಮತ್ತೆ ನಾನು ತಪ್ಪು ಗೇರಲ್ಲಿ ಹತ್ತಿಸ್ತಿದ್ದೆ. ಫೋರ್ ವೀಲ್ ಜೀಪಲ್ಲಿ ಲೋ ಗೇರ್ ಕೋಲು ಇರೋದೇ ಇದಕ್ಕೆ. ಅದನ್ನು ಹಾಕಿದರೆ ಚಕ್ರಕ್ಕೆ ಹೋಗೋ ಎಳೆತ ಸುಮಾರು ಎರಡೂವರೆ ಪಟ್ಟು ಆಗುತ್ತೆ, ಪೈಸೆ ಖರ್ಚಿಲ್ಲದೆ. "ಅದನ್ನ ಕೆಸರಲ್ಲಿ ಮಾತ್ರ ಹಾಕದು" ಅಂದುಕೊಂಡು ಎಷ್ಟೋ ಜನ ಆ ಕೋಲನ್ನು ಮುಟ್ಟೋದೇ ಇಲ್ಲ. ಡಾಂಬರು, ಕಾಂಕ್ರೀಟಿನ ಮೇಲೆ ಹಾಕಬಾರದು, ಅದು ನಿಜ. ಜಾರೋ ಮಣ್ಣಿನ ಏರಿನಲ್ಲಿ ಲೋಡಿದ್ದಾಗ ಅದೇ ಸರಿಯಾದ ಗೇರು.

ಅಶ್ವಶಕ್ತಿ ನೋಡಿ ಮೋಸ ಹೋಗಬೇಡಿ

ಎಂಜಿನ್ ಆರಿಸುವಾಗ ಎಲ್ಲರೂ ಕೇಳೋದು "ಎಷ್ಟು ಎಚ್‌ಪಿ?" ಎಳೆಯೋ ಗಾಡಿಗೆ ಅದು ಅರ್ಧ ಪ್ರಶ್ನೆ.

ಒಂದು ಉದಾಹರಣೆ. ಪ್ಯೂಜೋ ಎಂಜಿನ್ 2112 ಸಿಸಿ, 62 ಅಶ್ವಶಕ್ತಿ. ಮಹೀಂದ್ರದ್ದೇ ಡಿಐ ಎಂಜಿನ್ 2523 ಸಿಸಿ. 2010ರಲ್ಲಿ ಬಂದ ಥಾರ್‌ನ ಡಿಐ ಮಾಡೆಲ್ಲಿನಲ್ಲಿ ಇದರ ಟರ್ಬೊ ರೂಪ ಇತ್ತು, ಅದು 63 ಅಶ್ವಶಕ್ತಿ. ಕಾಗದದಲ್ಲಿ ಎರಡೂ ಒಂದೇ. ಆದರೆ ಪ್ಯೂಜೋಗೆ ಆ 62 ಸಿಗೋದು ನಿಮಿಷಕ್ಕೆ 4500 ಸುತ್ತಿನ ಹತ್ತಿರ. ಡಿಐಗೆ 3200 ಸುತ್ತಿಗೇ ಸಿಗುತ್ತೆ. ತಿರುಚು ಬಲ, ಅಂದರೆ ಟಾರ್ಕ್, ಪ್ಯೂಜೋದಲ್ಲಿ ಸುಮಾರು 120 ನ್ಯೂಟನ್ ಮೀಟರ್. ಥಾರ್ ಡಿಐಯಲ್ಲಿ 180 ದಾಟುತ್ತೆ, ಅದೂ 1500ರಿಂದ 1800 ಸುತ್ತಿನಲ್ಲೇ. ಆದ್ದರಿಂದಲೇ ಡಿಐ ಗಾಡಿಯವರು "ಕ್ಲಚ್ ಬಿಟ್ಟರೆ ಸಾಕು, ಹತ್ತತ್ತೆ" ಅನ್ನೋದು.

ಎಳೆಯೋ ಕೆಲಸಕ್ಕೆ ಬೇಕಾದ್ದು ಕಡಿಮೆ ಸುತ್ತಿನಲ್ಲಿ ಸಿಗೋ ಟಾರ್ಕ್. ಎಂಜಿನ್ ತಗೊಳ್ಳೋವಾಗ ಕೇಳಬೇಕಾದ ಪ್ರಶ್ನೆ ಎರಡು: ಟಾರ್ಕ್ ಎಷ್ಟು, ಎಷ್ಟು ಸುತ್ತಿಗೆ? 2000 ಸುತ್ತಿನ ಒಳಗೆ ಸಿಗದಿದ್ದರೆ ಅದು ರಸ್ತೆ ಗಾಡಿಯ ಎಂಜಿನ್.

ಹಾಗಂತ ಟಾರ್ಕ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತಲೂ ಅಲ್ಲ. ಥಾರ್‌ನ ಸಿಆರ್‌ಡಿಇ ಎಂಜಿನ್ನಿಗೆ 105 ಅಶ್ವಶಕ್ತಿ, 247 ನ್ಯೂಟನ್ ಮೀಟರ್. ಪ್ಯೂಜೋದ ಎರಡು ಪಟ್ಟು. ಆ ಬಲವೆಲ್ಲ ಹೋಗೋದು ಅದೇ ಹಳೆ ಕ್ಲಚ್, ಅದೇ ಗೇರ್‌ಬಾಕ್ಸ್, ಅದೇ ಜಾಯಿಂಟ್ ಕ್ರಾಸ್, ಅದೇ ಆಕ್ಸಲ್ ಮೂಲಕ. ಲೋ ಗೇರಲ್ಲಿ ಅದು ಇನ್ನೂ ಎರಡೂವರೆ ಪಟ್ಟು. ಅವುಗಳನ್ನು ಮಾಡಿದವರು 120ನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಇವತ್ತು ಮುರಿಯದೇ ಇರಬಹುದು. ಮುರಿಯೋದು ಲೋಡಿದ್ದಾಗ, ಏರಿನ ನಡುವೆ. ಆಕ್ಸಲ್ ತುಂಡಾದ ಜೀಪು ಗೇರಲ್ಲಿ ನಿಲ್ಲಲ್ಲ, ಹಿಂದಕ್ಕೆ ಬರುತ್ತೆ.

ಇಳಿಯೋ ಲೆಕ್ಕ ಯಾರೂ ಹಾಕಲ್ಲ

ಅದೇ 2500 ಕೆಜಿ. ನೂರು ಮೀಟರ್ ಎತ್ತರದ ಗುಡ್ಡ ಇಳಿದರೆ ಹೊರಬರೋ ಶಕ್ತಿ ಎಷ್ಟು ಗೊತ್ತಾ? ಏಳು ಲೀಟರ್ ತಣ್ಣೀರನ್ನು ಕುದಿಯೋ ಮಟ್ಟಕ್ಕೆ ತರುವಷ್ಟು. ಎಂಜಿನ್ ಹಿಡಿತ ಇಲ್ಲದೆ ಬ್ರೇಕ್ ಮೇಲೇ ಇಳಿದರೆ ಆ ಬಿಸಿಯ ಬಹುಪಾಲು ಹೋಗೋದು ನಾಲ್ಕು ಡ್ರಮ್ಮಿಗೆ. ಡ್ರಮ್ಮು ಕಾದರೆ ಹಿಗ್ಗುತ್ತೆ, ಲೈನರ್ ಹಿಡಿತ ಬಿಡುತ್ತೆ, ಪೆಡಲ್ ಕೆಳಗೆ ಹೋಗುತ್ತೆ. ಒಂದೊಂದು ತಿರುವಿಗೂ ಬ್ರೇಕ್ ಒತ್ತುತ್ತಾ ಆಗುಂಬೆ ಘಾಟಿಯ 14 ತಿರುವು ಇಳಿದು ಬಂದ ಗಾಡಿಯ ಚಕ್ರದ ಹತ್ತಿರ ಮೂಗು ತಂದರೆ ವಾಸನೆಯಲ್ಲೇ ಗೊತ್ತಾಗುತ್ತೆ.

ವೇಗ ಎರಡು ಪಟ್ಟಾದರೆ ನಿಲ್ಲಿಸೋಕೆ ಬೇಕಾದ ಶಕ್ತಿ ನಾಲ್ಕು ಪಟ್ಟು. ದೊಡ್ಡ ಎಂಜಿನ್ ಹಾಕಿದವನು ನಿಧಾನ ಹೋಗ್ತೀನಿ ಅಂತಲೇ ಹೇಳ್ತಾನೆ. ಮೊದಲ ಒಂದು ತಿಂಗಳು ಹೋಗ್ತಾನೆ. ಭಾವನೂ ಹಾಗೇ ಹೇಳಿದ್ದ.

ನಮ್ಮ ಮೇಸ್ತ್ರಿ ಒಂದು ಮಾತು ಹೇಳ್ತಾರೆ. "ತಮ್ಮಾ, ಯಾವ ಗೇರಲ್ಲಿ ಹತ್ತಬೇಕೋ ಅದೇ ಗೇರಲ್ಲಿ ಇಳಿ." ಹಳೆ ಡ್ರೈವರುಗಳಿಗೆಲ್ಲ ಗೊತ್ತಿರೋ ಮಾತು. ಎಂಜಿನ್ನಿಗೆ ತಾಕತ್ತು ಜಾಸ್ತಿ ಆದಷ್ಟೂ ಮೇಲಿನ ಗೇರಲ್ಲಿ ಹತ್ತೋ ಚಟ ಬರುತ್ತೆ, ಮೇಲಿನ ಗೇರಲ್ಲೇ ಇಳಿಯೋ ಚಟವೂ ಜೊತೆಗೇ ಬರುತ್ತೆ.

ಹಳೆ ಎಂಜಿನ್ ಯಾಕೆ ಸತ್ತಿತು?

ಹೊಸ ಎಂಜಿನ್ ಹುಡುಕೋ ಮೊದಲು ಈ ಪ್ರಶ್ನೆ ಕೇಳಿ. ನನ್ನ ಜೀಪಿನದು ವಯಸ್ಸಾಗಿ ಸತ್ತಿದ್ದಲ್ಲ, ನಾನು ಕೊಂದಿದ್ದು. ಟೆಂಪರೇಚರ್ ಮೀಟರ್ ನಾಲ್ಕು ವರ್ಷದಿಂದ ಕೆಲಸ ಮಾಡ್ತಿರಲಿಲ್ಲ. ಕೂಲಂಟ್ ಬದಲು ಹಳ್ಳದ ನೀರು ಹೊಯ್ದು ಹೊಯ್ದು ರೇಡಿಯೇಟರ್ ಒಳಗೆ ತುಕ್ಕು, ಕೆಸರು ಕಟ್ಟಿತ್ತು. ಫ್ಯಾನ್ ಬೆಲ್ಟ್ ಸಡಿಲ. ಹೆಡ್ ಡೊಂಕಾಗಿ ಗ್ಯಾಸ್ಕೆಟ್ ಹೊಡೀತು, ಎರಡು ಪಿಸ್ಟನ್ ಗೀರು ಬಿತ್ತು.

ಇದೇ ರೇಡಿಯೇಟರ್ ಮುಂದೆ ನಾನು ಎರಡೂವರೆ ಲಕ್ಷದ ಎಂಜಿನ್ ಕೂರಿಸಿದ್ದರೆ ಏನಾಗ್ತಿತ್ತು? ಜಾಸ್ತಿ ತಾಕತ್ತಿನ ಎಂಜಿನ್ ಜಾಸ್ತಿ ಬಿಸಿ ಹೊರಗೆ ಹಾಕುತ್ತೆ. ಒಂದು ವರ್ಷದಲ್ಲಿ ಅದೂ ಅದೇ ಏರಿನಲ್ಲಿ ನಿಲ್ತಿತ್ತು.

ನಿಮ್ಮ ಎಂಜಿನ್ ನಿಜವಾಗಿ ಮುಗಿದಿದೆಯಾ ಅಂತಲೂ ನೋಡಿಸಿ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ. ಏರ್ ಫಿಲ್ಟರು, ನಾಜಲ್ಲು, ಪಂಪು ನೋಡಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗೀತು. ನೀಲಿ ಹೊಗೆ ಅಂದರೆ ಆಯಿಲ್ ಉರೀತಿದೆ, ರಿಂಗು ಅಥವಾ ವಾಲ್ವ್ ಗೈಡು ಸವೆದಿದೆ. ಎಂಜಿನ್ ಬಿಸಿ ಆದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ನೀರೂ ಕಮ್ಮಿ ಆಗ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಕಡೆ ನೋಡಿ. ಎಂಜಿನ್ ಓಡ್ತಿರುವಾಗ ಆಯಿಲ್ ಮುಚ್ಚಳ ತೆಗೆದರೆ ಪುಸ ಪುಸ ಹೊಗೆ ಜೋರಾಗಿ ಬಂದರೆ ಕಂಪ್ರೆಷನ್ ಕೆಳಗೆ ಸೋರ್ತಿದೆ ಅಂತ. ಕಂಪ್ರೆಷನ್ ಟೆಸ್ಟ್ ಮಾಡಿಸೋಕೆ ಆಗೋ ಖರ್ಚು, ಎಂಜಿನ್ ಇಳಿಸೋ ಕೂಲಿಗೂ ಸಮ ಇಲ್ಲ.

ಮೂರು ದಾರಿ, ಒಂದೊಂದಾಗಿ

ನನಗೆ ಮೂರು ಲೆಕ್ಕ ಕೊಟ್ಟರು. ಸ್ವಂತ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟೋಕೆ 80 ಸಾವಿರ. ಗುಜರಿಯ ಡಿಐ ಎಂಜಿನ್, ಕೂರಿಸೋ ಕೂಲಿ ಸೇರಿ 1 ಲಕ್ಷದ 20 ಸಾವಿರ. ಸಿಆರ್‌ಡಿಇ ಎರಡೂವರೆ ಲಕ್ಷ, "ಅದರ ಮೇಲೆ ಆದದ್ದು ಬೇರೆ". ನಿಮ್ಮ ಕಡೆ ಬೆಲೆ ಬೇರೆ ಇರಬಹುದು, ಅನುಪಾತ ಹೆಚ್ಚು ಕಮ್ಮಿ ಹೀಗೇ ಇರುತ್ತೆ.

ಸ್ವಂತ ಎಂಜಿನ್ ಕಟ್ಟಿಸೋದು: ಇಲ್ಲಿ ತೀರ್ಮಾನ ಮಾಡೋದು ಕ್ರ್ಯಾಂಕು ಮತ್ತು ಬ್ಲಾಕು. ಲೇತ್‌ನಲ್ಲಿ ಕ್ರ್ಯಾಂಕ್ ಅಳತೆ ಮಾಡಿಸಿ. ಕಾಲು ಮಿಲಿಮೀಟರ್, ಅರ್ಧ ಮಿಲಿಮೀಟರ್ ಗ್ರೈಂಡಿಂಗಿಗೆ ಬೇರಿಂಗ್ ಸಿಗುತ್ತೆ. ಈಗಾಗಲೇ ಎರಡು ಮೂರು ಸಲ ಗ್ರೈಂಡ್ ಆಗಿದ್ದರೆ ಅಥವಾ ಬ್ಲಾಕ್ ಸೀಳಿದ್ದರೆ ಈ ದಾರಿ ಬಿಡಿ. ಕಟ್ಟಿಸುವಾಗ ಅರ್ಧ ಕೆಲಸ ಬೇಡ. "ಬರೀ ರಿಂಗ್ ಹಾಕನ, ಸಾಕು" ಅಂದವರ ಮಾತು ಕೇಳಿದರೆ ಆರು ತಿಂಗಳಿಗೆ ಮತ್ತೆ ಇಳಿಸಬೇಕು. ಲೈನರ್-ಪಿಸ್ಟನ್ ಸೆಟ್ಟು, ಬೇರಿಂಗು, ಹೆಡ್ ಫೇಸಿಂಗು, ಆಯಿಲ್ ಪಂಪು, ನಾಜಲ್ಲು, ಡೀಸೆಲ್ ಪಂಪಿನ ಕ್ಯಾಲಿಬ್ರೇಷನ್, ಎಲ್ಲ ಒಟ್ಟಿಗೇ ಆಗಬೇಕು. ತೆಗೆದ ಹಳೆ ಸಾಮಾನನ್ನು ಕೇಳಿ ಮನೆಗೆ ತಂದುಕೊಳ್ಳಿ.

ಈ ದಾರಿಯ ದೊಡ್ಡ ಲಾಭ ಎಂಜಿನ್ ನಂಬರ್ ಬದಲಾಗಲ್ಲ. ಮೌಂಟಿಂಗು, ಗೇರ್‌ಬಾಕ್ಸು, ವೈರಿಂಗು ಯಾವುದನ್ನೂ ಮುಟ್ಟೋದಿಲ್ಲ. ನಷ್ಟ ಅಂದರೆ ಪ್ಯೂಜೋ ಸಾಮಾನು ಈಗ ಹುಡುಕಬೇಕು. ನನಗೆ ಹೆಡ್ ಗ್ಯಾಸ್ಕೆಟ್ಟಿಗೇ ಹನ್ನೆರಡು ದಿನ ಕಾಯಬೇಕಾಯ್ತು.

ಗುಜರಿ ಎಂಜಿನ್: ಡಿಐ ಎಂಜಿನ್ನಿನ ಬಗ್ಗೆ ನನಗೆ ಗೌರವ ಇದೆ. ಬೊಲೆರೊ, ಪಿಕಪ್ಪು, ಕಮಾಂಡರ್ ಎಲ್ಲದರಲ್ಲೂ ಇದ್ದದ್ದರಿಂದ ಸಾಮಾನು ಸಣ್ಣ ಪೇಟೆಯಲ್ಲೂ ಸಿಗುತ್ತೆ. ಕಂಪ್ಯೂಟರ್ ಬೇಕಿಲ್ಲ, ಊರಿನ ಮೇಸ್ತ್ರಿಯೇ ಮಾಡ್ತಾರೆ. ಹಳೆ ಎಂಜಿನ್ ಕಟ್ಟೋಕೆ ಬರದ ಸ್ಥಿತಿಯಲ್ಲಿದ್ದರೆ, ಆರ್‌ಟಿಒ ಒಪ್ಪಿಗೆ ಸಿಗೋದಾದರೆ, ಎಳೆಯೋ ಕೆಲಸಕ್ಕೆ ಟರ್ಬೊ ಇಲ್ಲದ ಡಿಐಗಿಂತ ಒಳ್ಳೇದು ನನಗೆ ಕಾಣಲ್ಲ. ಆದರೆ ಗುಜರಿಯಲ್ಲಿ ತಗೊಳ್ಳೋವಾಗ ಇಷ್ಟು ನೋಡಿ:

ಎಂಜಿನ್ ನಂಬರ್ ಸ್ಪಷ್ಟವಾಗಿರಬೇಕು. ಉಜ್ಜಿದ ಗುರುತು ಕಂಡರೆ ಎಷ್ಟು ಅಗ್ಗ ಆದರೂ ಮುಟ್ಟಬೇಡಿ, ಕಳ್ಳಮಾಲು ಆಗಿದ್ದರೆ ಉತ್ತರ ಹೇಳಬೇಕಾದವರು ನೀವು.

ಬಿಲ್ ಬೇಕು. ಬಿಲ್ಲಿನಲ್ಲಿ ಎಂಜಿನ್ ನಂಬರ್ ಬರೆದಿರಬೇಕು. ಅದು ಯಾವ ಗಾಡಿಯದು, ಆ ಗಾಡಿಯ ಆರ್‌ಸಿ ಏನಾಯ್ತು ಅನ್ನೋದಕ್ಕೆ ಕಾಗದ ಕೇಳಿ.

ಬಿಸಿ ಮಾಡಿಟ್ಟ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಿದರೆ ನಂಬಬೇಡಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ, ಹೊಗೆಯ ಬಣ್ಣ ನೋಡಿ, ಆಯಿಲ್ ಪ್ರೆಷರ್ ನೋಡಿ. ಮೊಬೈಲಲ್ಲಿ ವಿಡಿಯೊ ಮಾಡ್ಕೊಳ್ಳಿ.

ಸಿಆರ್‌ಡಿಇ: ಮೈಲೇಜು, ಎಳೆತ, ಸದ್ದು ಎಲ್ಲದರಲ್ಲೂ ಇದೇ ಮುಂದೆ, ನಾನು ಇಲ್ಲ ಅನ್ನಲ್ಲ. ಆದರೆ ಇದು ಬರೀ ಎಂಜಿನ್ ಅಲ್ಲ. ಇಸಿಯು, ಸೆನ್ಸರ್ರು, ಪೂರ್ತಿ ವೈರಿಂಗು ಜೊತೆಗೆ ಬರಬೇಕು. ಡೀಸೆಲ್ಲಿನಲ್ಲಿ ಸ್ವಲ್ಪ ನೀರು, ಕಸ ಇದ್ದರೂ ಹಳೆ ಪಂಪು ಹೇಗೋ ಸುಧಾರಿಸ್ತದೆ. ಕಾಮನ್ ರೈಲ್‌ನಲ್ಲಿ ಒತ್ತಡ ಸಾವಿರ ಬಾರ್ ದಾಟೋದ್ರಿಂದ ಇಂಜೆಕ್ಟರ್ ಕೆಡುತ್ತೆ. ನಮ್ಮ ಮನೆಗಳಲ್ಲಿ ಕ್ಯಾನಿನಲ್ಲಿ ಡೀಸೆಲ್ ತಂದು ಹೊಯ್ಯೋ ಪದ್ಧತಿ ಇದೆ, ನೆನಪಿರಲಿ. ಮಳೆಗಾಲದಲ್ಲಿ ಒಂದು ಕನೆಕ್ಟರ್ ತುಕ್ಕು ಹಿಡಿದು ತೋಟದ ಕೆಳಗೆ ಗಾಡಿ ನಿಂತರೆ, ಲ್ಯಾಪ್‌ಟಾಪ್ ಹಿಡಿದುಕೊಂಡು ಅಲ್ಲಿಗೆ ಬರೋರು ಯಾರು?

ಕಾಗದದ ವಿಷಯ ಕಡೆಗಣಿಸಬೇಡಿ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಿಸಿದವರು ಕೊಟ್ಟ ವಿವರಕ್ಕೆ ಬೇರೆಯಾಗಿ ಗಾಡಿಯನ್ನು ನಮಗೆ ಬೇಕಾದ ಹಾಗೆ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿ ಹಿಡೀತು. ಒಪ್ಪಿಗೆ ಇಲ್ಲದೆ ಎಂಜಿನ್ ಬದಲಾಗಿದ್ದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಕಾಯ್ದೆಯಲ್ಲೇ ಇದೆ. 2019ರ ತಿದ್ದುಪಡಿ ಆದ ಮೇಲೆ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ಆದ್ದರಿಂದ ಎಂಜಿನ್ ತಂದ ಮೇಲೆ ಆರ್‌ಟಿಒಗೆ ಹೋಗೋದಲ್ಲ, ತರೋ ಮೊದಲೇ ಹೋಗಿ. "ಈ ಗಾಡಿಗೆ ಈ ಎಂಜಿನ್ ಹಾಕಿದರೆ ಆರ್‌ಸಿಯಲ್ಲಿ ಸೇರಿಸ್ತೀರಾ?" ಅಂತ ಕೇಳಿ. ಆಗಲ್ಲ ಅಂದರೆ ಅಲ್ಲಿಗೆ ಬಿಡಿ.

"ನಮ್ಮ ಜೀಪು ತೋಟ ಬಿಟ್ಟು ಹೋಗಲ್ಲ, ಯಾರು ನೋಡ್ತಾರೆ?" ಅನ್ನೋರು ಇದ್ದಾರೆ. ಖಾಸಗಿ ಗಾಡಿಗೆ 15 ವರ್ಷ ಆದ ಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕು. ಆಗ ಇನ್ಸ್‌ಪೆಕ್ಟರ್ ಬಾನೆಟ್ ತೆಗೆಸಿ ನಂಬರ್ ನೋಡ್ತಾರೆ. ಅದಕ್ಕಿಂತ ಮೊದಲೇ ಏನಾದರೂ ಆದರೆ ಭಾವನಿಗೆ ಆದ ಹಾಗೆ. ಟ್ರೇಲರಿಗೂ ಬೇರೆ ನೋಂದಣಿ ಬೇಕು, ಇದನ್ನೂ ಎಷ್ಟೋ ಜನ ಮಾಡಿಸಿರಲ್ಲ.

ನಾನು ಏನು ಮಾಡಿದೆ

ಕ್ರ್ಯಾಂಕು ಚೆನ್ನಾಗಿತ್ತು. ಕಾಲು ಮಿಲಿಮೀಟರ್ ಗ್ರೈಂಡಿಂಗಿಗೆ ಬಂತು. ಅದೇ ಎಂಜಿನ್ ಕಟ್ಟಿಸಿದೆ, 80 ಅಂದಿದ್ದು 86 ಸಾವಿರ ಆಯ್ತು. ಗುಜರಿ ಎಂಜಿನ್ನಿನ ಲೆಕ್ಕಕ್ಕೆ ಹೋಲಿಸಿದರೆ ಉಳಿದದ್ದು 34 ಸಾವಿರ. ಆ ದುಡ್ಡನ್ನು ಉಳಿಸಲಿಲ್ಲ. ನಾಲ್ಕೂ ಚಕ್ರಕ್ಕೆ ಬ್ರೇಕ್ ಲೈನರು, ಸಿಲಿಂಡರು, ಹೊಸ ಪೈಪು. ಡ್ರಮ್ಮು ಲೇತಿಗೆ ಕೊಟ್ಟು ಸರಿ ಮಾಡಿಸಿದೆ. ಹ್ಯಾಂಡ್ ಬ್ರೇಕ್ ಎಷ್ಟೋ ವರ್ಷದ ಮೇಲೆ ಹಿಡೀತು. ರೇಡಿಯೇಟರ್ ಬಿಚ್ಚಿಸಿ ರಾಡಿಂಗ್ ಮಾಡಿಸಿದೆ, ಕೂಲಂಟ್ ಹಾಕಿದೆ, ಹೊಸ ಟೆಂಪರೇಚರ್ ಮೀಟರ್ ಕೂರಿಸಿದೆ. ಹೊಸ ಕ್ಲಚ್ ಪ್ಲೇಟ್. ಕೊನೆಗೆ ಟ್ರೇಲರಿಗೆ, ಮುಂದಿನ ಗಾಡಿ ನಿಧಾನ ಆದಾಗ ತಾನೇ ಹಿಡಿಯೋ ತಳ್ಳು ಬ್ರೇಕ್ ಮಾಡಿಸಿದೆ. ಲೆಕ್ಕ ಹಾಕಿದರೆ ಉಳಿದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಆಯ್ತು. ಒಂದು ರೂಪಾಯಿಯೂ ಹೆಚ್ಚು ಅನ್ನಿಸಲಿಲ್ಲ.

ಮೊದಲ 1000 ಕಿಲೋಮೀಟರ್ ಟ್ರೇಲರ್ ಕಟ್ಟಲಿಲ್ಲ. ಹೊಸ ರಿಂಗು ಕೂರೋಕೆ ಸಮಯ ಬೇಕು. ಆ ವರ್ಷದ ಉಳಿದ ಅಡಿಕೆ ಬಾಡಿಗೆ ಗಾಡಿಯಲ್ಲಿ ಬಂತು. ಈಗ ಏಳು ಕ್ವಿಂಟಾಲಿಗಿಂತ ಹೆಚ್ಚು ಹೇರಲ್ಲ. ಭಾರದ್ದು ಟ್ರೇಲರ್ ಆಕ್ಸಲ್ಲಿಗಿಂತ ಸ್ವಲ್ಪ ಮುಂದೆ ಇರೋ ಹಾಗೆ ಹೇರ್ತೀವಿ. ಹಿಂದೆ ಭಾರ ಜಾಸ್ತಿ ಆದರೆ ಟ್ರೇಲರ್ ಬಾಲ ಬೀಸುತ್ತೆ. ಮೇಲೆ ಯಾರನ್ನೂ ಕೂರಿಸಲ್ಲ. ಲೋ ಗೇರಲ್ಲಿ ಹತ್ತುತ್ತೆ, ಲೋ ಗೇರಲ್ಲೇ ಇಳಿಯುತ್ತೆ. ನಿಧಾನ, ಹೌದು. ತೋಟದಿಂದ ಅಂಗಳಕ್ಕೆ ಮೊದಲು ಎಂಟು ನಿಮಿಷ ಆಗ್ತಿತ್ತು, ಈಗ ಹನ್ನೊಂದು.

ಇದಕ್ಕೆ ಎದುರು ಮಾತೂ ಇದೆ

"ಮೂವತ್ತು ವರ್ಷದ ಗಾಡಿಗೆ ಲಕ್ಷ ಸುರಿಯೋದು ಮೂರ್ಖತನ. ಮಾರಿ ಸೆಕೆಂಡ್ ಹ್ಯಾಂಡ್ ಪಿಕಪ್ ತಗೋ" ಅಂತ ನನ್ನ ತಮ್ಮ ಹೇಳಿದ. ಅವನ ಮಾತಲ್ಲಿ ನ್ಯಾಯ ಇದೆ. ಚಾಸಿಸ್ ತುಕ್ಕು ಹಿಡಿದು ಪದರ ಪದರ ಏಳ್ತಿದ್ದರೆ, ಆರ್‌ಸಿ ನವೀಕರಣ ಆಗೋದು ಅನುಮಾನ ಇದ್ದರೆ, ನಿಮ್ಮ ದಾರಿಗೆ ಫೋರ್ ವೀಲ್ ಬೇಕಿಲ್ಲದಿದ್ದರೆ, ಜೀಪಿನ ಮೇಲಿನ ಪ್ರೀತಿಗೆ ದುಡ್ಡು ಹಾಕಬೇಡಿ. ಯಾವ ಎಂಜಿನ್ ಅನ್ನೋ ಪ್ರಶ್ನೆಯೇ ಅಲ್ಲಿ ಏಳಲ್ಲ. ನಮ್ಮ ಚಾಸಿಸ್ ಗಟ್ಟಿ ಇತ್ತು, ತೋಟದ ದಾರಿಗೆ ಬೇರೆ ಗಾಡಿ ಇಳಿಯಲ್ಲ, ಅದಕ್ಕೇ ಇಟ್ಕೊಂಡೆ.

ಇನ್ನು ಕೆಲವರು ಎಲ್ಲವನ್ನೂ ಸೇರಿಸಿ ಬದಲಿಸ್ತಾರೆ. ದೊಡ್ಡ ಎಂಜಿನ್ನಿನ ಜೊತೆ ಅದರದ್ದೇ ಗೇರ್‌ಬಾಕ್ಸು, ಗಟ್ಟಿ ಆಕ್ಸಲ್ಲು, ಡಿಸ್ಕ್ ಬ್ರೇಕು, ಆರ್‌ಟಿಒ ಒಪ್ಪಿಗೆ, ಎಲ್ಲ. ಅವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಷ್ಟು ದುಡ್ಡಿಗೆ ಏನೇನು ಸಿಗುತ್ತೆ ಅಂತ ಒಂದು ಸಲ ಕೂತು ಲೆಕ್ಕ ಹಾಕಿ.

ಬಯಲು ಸೀಮೆಯವರು, "ನಮ್ಮಲ್ಲಿ ಜೀಪಿಲ್ಲ, ಟ್ರ್ಯಾಕ್ಟರ್ ಇದೆ" ಅನ್ನಬಹುದು. ಕಬ್ಬಿನ ಎರಡು ಟ್ರೇಲರ್ ಎಳೆಯೋ ಹಳೆ ಟ್ರ್ಯಾಕ್ಟರಿಗೆ ಪಂಪಿನಲ್ಲಿ ಡೀಸೆಲ್ ಏರಿಸಿ ತಾಕತ್ತು ತೆಗೆಯೋರು ಇದ್ದಾರೆ. ಇದೇ ಮಾತು ಅವರಿಗೂ. ಎಳೆದದ್ದನ್ನು ನಿಲ್ಲಿಸಬೇಕಾದ್ದು ಅದೇ ಹಳೆ ಬ್ರೇಕು.

ಭಾವನ ಜೀಪು ಈಗಲೂ ಅವರ ಮನೆ ಹಿಂದೆ ಶೀಟಿನ ಕೆಳಗೆ ನಿಂತಿದೆ. ಎಂಜಿನ್ ಏನೂ ಆಗಿಲ್ಲ, ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತೆ. ಓಡಿಸೋರಿಲ್ಲ. ಹೋದ ತಿಂಗಳು ಯಾರೋ ಎಂಜಿನ್ ಕೇಳಿಕೊಂಡು ಬಂದಿದ್ದರಂತೆ. ಭಾವ ಮೊದಲು ಅವರಿಗೆ ಕೇಳಿದ್ದು, "ನಿಮ್ಮ ಟ್ರೇಲರಿಗೆ ಬ್ರೇಕ್ ಇದೆಯಾ?" ಇಲ್ಲ ಅಂದರು. ಕೊಡಲಿಲ್ಲ.

ನಿಮ್ಮ ಗಾಡಿಯ ಎಂಜಿನ್ ಇಳಿಸೋ ದಿನ ಬಂದರೆ, ಮೇಸ್ತ್ರಿ ಹತ್ತಿರ ಎಂಜಿನ್ ಬೆಲೆ ಕೇಳೋ ಮೊದಲು ಇದೊಂದು ಪ್ರಶ್ನೆ ನಿಮಗೆ ನೀವೇ ಕೇಳ್ಕೊಳ್ಳಿ.